ಇಪ್ಪತ್ತೆರಡು ಒಳಕಲ್ಲು ನೋಡಲು ಗೋವಾಕ್ಕೆ

ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಗದಗದಲ್ಲಿ ಗೋವಾ ಕಡೆಯ ರೈಲು ಹತ್ತಿದೆ. ಕೈಯಲ್ಲಿ ಒಂದೇ ಚೀಲ. ಅದರಲ್ಲಿ ಎರಡು ಸೀರೆ, ಮೂವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಹೊರಡುವಾಗ ಓಣಿಯ ಹೆಂಗಸರು, "ಅಕ್ಕೋರ, ರಿಟೈರ್ ಆದ ಮ್ಯಾಲ ಸಮುದ್ರದ ಹುಚ್ಚು ಹಿಡೀತೇನ್ರಿ?" ಎಂದು ನಕ್ಕರು. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದ ನಾನು ಊರಿಗೆಲ್ಲ ಅಕ್ಕೋರೇ. ಸಮುದ್ರಕ್ಕಲ್ಲ, ಇಪ್ಪತ್ತೆರಡು ಒಳಕಲ್ಲು ನೋಡಲು ಹೊರಟಿದ್ದೇನೆ ಎಂದಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಈಗ ಹೇಳಲು ಕುಳಿತರೆ ನನಗೇ ನಾಲಿಗೆ ಏಳುತ್ತಿಲ್ಲ.

ನನ್ನ ತಮ್ಮ ಹನಮಂತ ಮಡಗಾಂವದ ಮೋತಿ ಡೊಂಗರ್‌ನಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದಾನೆ. ನಮ್ಮಪ್ಪನ ಕಸುಬು ಕಲ್ಲಿಗೆ ಮುಳ್ಳು ಹೊಡೆಯುವುದು. ದಿನಾ ರುಬ್ಬಿ ರುಬ್ಬಿ ಒಳಕಲ್ಲಿನ ಒಳಮೈ ನುಣುಪಾದರೆ ಹಾಕಿದ್ದು ಜಾರುತ್ತದೆ, ನುರಿಯುವುದಿಲ್ಲ. ಆಗ ಉಳಿ, ಸುತ್ತಿಗೆ ಹಿಡಿದು ಒಳಗೆಲ್ಲ ಎಳ್ಳಿನಷ್ಟು ಸಣ್ಣ ಕಚ್ಚು ಮಾಡಿ ಕಲ್ಲನ್ನು ಮತ್ತೆ ಒರಟು ಮಾಡಬೇಕು. ಅದೇ ಮುಳ್ಳು ಹೊಡೆಯುವುದು. ಹನಮಂತ ಗೋವಾದ ಹಳ್ಳಿಗಳಲ್ಲಿ ಅದನ್ನೇ ಮಾಡಿ ಬದುಕಿದ. ಅಲ್ಲಿಯವರು ಒಳಕಲ್ಲಿಗೆ ರಗಡೊ ಎನ್ನುತ್ತಾರೆ. ಮೀನಿನ ಸಾರಿನ ತೆಂಗು, ಮೆಣಸಿನಕಾಯಿ ಎಲ್ಲ ಅದರಲ್ಲೇ ಅರೆಯುತ್ತಿದ್ದರು. ಮನೆಮನೆಗೂ ಮಿಕ್ಸರ್ ಬಂತು, ಕರೆಯುವವರು ಇಲ್ಲವಾದರು. ಅವನು ಕೊರ್ಲಿಮ್‌ನ ಒಂದು ಗ್ರಾನೈಟ್ ಕೊಯ್ಯುವ ಶೆಡ್ಡಿಗೆ ಸೇರಿದ. ಆರು ವರ್ಷ ಅಲ್ಲಿಯ ಧೂಳು ಕುಡಿದ ಮೇಲೆ ಡಾಕ್ಟರು ಅವನ ಎದೆಯ ಫೋಟೋ ಬೆಳಕಿಗೆ ಹಿಡಿದು, ಇನ್ನು ಕಲ್ಲಿನ ಧೂಳು ಒಳಗೆ ಹೋಗಬಾರದು, ಹೋದರೆ ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ ಎಂದರಂತೆ.

ಕೆಲಸ ಬಿಟ್ಟು ಮೂರು ತಿಂಗಳು ಮನೆಯಲ್ಲಿ ಕುಳಿತವನಿಗೆ ಕಡಲ ದಂಡೆಯ ಒಂದು ಹೋಟೆಲ್ಲಿನಿಂದ ಕರೆ ಬಂತು. ಅಲ್ಲಿಯ ಮ್ಯಾನೇಜರು ಕೆಡವುವ ಹಳೇ ಮನೆಗಳಿಂದ ಇಪ್ಪತ್ತೆರಡು ಒಳಕಲ್ಲು ಕೂಡಿಸಿದ್ದರು. ಅವನ್ನು ತೊಳೆದು, ಪಾಚಿ ತೆಗೆದು ಕೊಡಬೇಕು. ಕೆಲಸ ಮನಸ್ಸಿಗೆ ಬಂದರೆ ಏಪ್ರಿಲ್‌ನಿಂದ ತೋಟದಲ್ಲಿ ಕಾಯಂ ಕೆಲಸ. ಗಿಡಕ್ಕೆ ನೀರು ಹಾಕುವುದು, ಎಲೆ ಗುಡಿಸುವುದು. ಧೂಳಿಲ್ಲ, ತಿಂಗಳ ಪಗಾರ. ಅವನ ಜೀವ ಆ ತೋಟದ ಕೆಲಸಕ್ಕೆ ಜೋತುಬಿದ್ದಿತ್ತು ಎಂದರೆ ಅದು ಬರೀ ಮಾತಲ್ಲ.

ಕೆಲಸ ಹಿಡಿದ ದಿನವೇ ನನಗೆ ಫೋನು ಮಾಡಿದ. "ಅಕ್ಕಾ, ಇವ್ರು ಬರೇ ತೊಳದು ಕೊಡು ಅಂತಾರ. ಆದ್ರ ಒಳಗ ಕೈ ಆಡಿಸಿದ್ರ ಗಾಜಿನಂಗ ಜಾರತಾವ. ಏನ್ ಮಾಡ್ಲಿ?"

ನನಗೆ ಸಿಟ್ಟೇ ಬಂತು. "ಏನ್ ಮಾಡ್ಲಿ ಅಂತ ಕೇಳ್ತೀಯಲ್ಲೋ! ಸವದ ಕಲ್ಲು ಹಂಗ ವಾಪಸ್ ಕೊಟ್ರ ಅಪ್ಪನ ಹೆಸರು ಏನಾಗಬೇಕು? ಮುಳ್ಳು ಹೊಡದು ಕೊಡು. ಮುಖಕ್ಕ ಅರಬಿ ಕಟ್ಟಿಕೋ, ನೀರು ಚಿಮಕಿಸಿ ಹೊಡಿ. ಕೇಳಿದ್ದಕ್ಕಿಂತ ಹೆಚ್ಚು ಮಾಡಿ ಕೊಟ್ರ ಯಾರು ಬ್ಯಾಡ ಅಂತಾರ?" ಬಾಯಿಗೆ ಅರಿವೆ ಕಟ್ಟಿಕೊಂಡರೆ ಧೂಳು ನಿಲ್ಲುತ್ತದೆ ಎಂದು ನನಗೆ ಯಾರು ಹೇಳಿದ್ದರೋ. ಹೇಳಿಕೊಡುವ ಚಟ, ತಿಳಿದಿರಲಿ ಬಿಡಲಿ, ಕೇಳಿದವರಿಗೆ ಉತ್ತರ ಕೊಟ್ಟೇ ತೀರಬೇಕು.

ರೈಲು ಹುಬ್ಬಳ್ಳಿಗೆ ಬಂದಾಗ ಸಿಂದಗಿ ಕಡೆಯ ಒಬ್ಬ ಹೆಂಗಸು ಹತ್ತಿ ಎದುರಿಗೆ ಕುಳಿತಳು. ಕೋಲ್ವಾ ಬೀಚಿನಲ್ಲಿ ಸರ, ಬಳೆ, ಮಸಾಲೆ ಕುಟ್ಟುವ ಸಣ್ಣ ಕಲ್ಲಿನ ಕಲಬತ್ತು ಮಾರುವವಳಂತೆ. ಲೋಂಡಾದಲ್ಲಿ ಇಬ್ಬರೂ ವಡಾ ತಿಂದೆವು. ನನ್ನ ರೊಟ್ಟಿಯಲ್ಲಿ ಎರಡು ಅವಳಿಗೆ ಕೊಟ್ಟೆ. ಕಲಬತ್ತು ಯಾರು ತಗೋತಾರವ್ವ ಎಂದು ಕೇಳಿದೆ.

"ಫಾರಿನ್ ಮಂದಿ ತಗೋತಾರ‍್ರಿ. ಅದರಾಗ ಮೇಣಬತ್ತಿ ಇಡ್ತಾರ. ಹಳೇದು ಕಂಡಷ್ಟು ಚಲೋ. ನಾವು ಹೊಸಾದನ್ನ ಚಹಾದ ನೀರಾಗ ನೆನಸಿ, ಮಣ್ಣು ತಿಕ್ಕಿ ಹಳೇದು ಮಾಡತೇವ್ರಿ."

"ಕುಟ್ಟಾಕ ಯಾರೂ ಒಯ್ಯೂದಿಲ್ಲೇನು?"

"ಕುಟ್ಟೂದಾ? ಯಾಕ ಚಾಷ್ಟಿ ಮಾಡ್ತೀರಿ, ಬಾಯಾರ!"

ನಾನು ಕ್ಯಾಸಲ್‌ರಾಕ್ ಬರುವವರೆಗೂ ನಕ್ಕೆ. ಜನಕ್ಕೆ ತಲೆ ಕೆಟ್ಟಿದೆ, ಹೊಸದನ್ನು ಹಳೇದು ಮಾಡಿ ಮಾರುತ್ತಾರೆ ಎಂದು ಮನಸ್ಸಿನಲ್ಲೇ ಪಾಠ ಹೇಳಿಕೊಂಡೆ. ಅವಳ ಮಾತಿನಲ್ಲಿ ನನಗೆ ಬೇಕಾದ ಪಾಠವಿತ್ತು ಎನ್ನುವುದು ಹೊಳೆಯಲಿಲ್ಲ. ಮುಂದೆ ಸುರಂಗಗಳು, ಆಮೇಲೆ ದೂಧಸಾಗರ. ಬೇಸಿಗೆಯಾದ್ದರಿಂದ ಬಂಡೆಯ ಮೇಲೆ ಒಂದೆರಡು ಎಳೆ ನೀರು ಮಾತ್ರ ಇಳಿಯುತ್ತಿತ್ತು. ಆದರೂ ಡಬ್ಬಿಯ ಜನವೆಲ್ಲ ಒಂದೇ ಕಿಟಕಿಗೆ ಬಂದು ಫೋನು ಹಿಡಿದರು.

ಮಡಗಾಂವ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಸೆಕೆ ಎಂದರೆ ಸೆಕೆ, ಸೀರೆ ಮೈಗೆ ಅಂಟಿತು. ಹನಮಂತನ ಹೆಂಡತಿ ಶಾಂತವ್ವ ಕರೆಯಲು ಬಂದಿದ್ದಳು. ಅವಳು ಫ್ಲ್ಯಾಟುಗಳಲ್ಲಿ ಮೆಟ್ಟಿಲು ಒರೆಸುವ ಕೆಲಸಕ್ಕೆ ಹೋಗುತ್ತಾಳೆ. ಮೋತಿ ಡೊಂಗರ್ ಪೇಟೆಯ ಬೆನ್ನಿಗೇ ಇರುವ ಗುಡ್ಡ. ಒಂದರ ಮೇಲೊಂದು ತಗಡಿನ ಮನೆಗಳು. ಕೆಳಗೆ ಕೊಂಕಣಿ, ಹಿಂದಿ ಕೇಳುತ್ತದೆ, ಮೇಲೆ ಹೋದಂತೆ ಬಾದಾಮಿ, ಬಿಜಾಪುರದ ಮಾತು. ಶಾಂತವ್ವ ಮೊದಲಿನಂತೆ ಹರಟಲಿಲ್ಲ. ದಣಿದಿದ್ದಾಳೆ ಎಂದುಕೊಂಡೆ.

ಸಂಜೆ ಹನಮಂತ ಬಂದ. ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಬಾಗಿಲಲ್ಲೇ ನಿಂತು ಕೆಮ್ಮಿದ, ನಕ್ಕ, ಮತ್ತೆ ಕೆಮ್ಮಿದ. "ಮುಗೀತಕ್ಕಾ, ಇಪ್ಪತ್ತೆರಡೂ ಮುಗೀತು! ಮ್ಯಾನೇಜರ್ ಸಾಹೇಬ್ರು ಹದಿನೈದು ದಿನ ಊರಾಗ ಇರಲಿಲ್ಲ, ನಾಳೆ ಬರ್ತಾರ. ನೀನೂ ಬಾ, ಅವ್ರ ಮಾರಿ ನೋಡೂಣು." ಶಾಂತವ್ವ ಅವನ ಅಂಗಿ ಬಿಚ್ಚಿಸಿ ಹೊರಗೆ ಒಯ್ದು ಗೋಡೆಗೆ ಬಡಿದಳು. ಬಡಿದೇ ಬಡಿದಳು.

ಊಟಕ್ಕೆ ಕೂತಾಗ ಚಟ್ನಿ ನಾಲಿಗೆಗೆ ಹಚ್ಚಿ ನನ್ನನ್ನು ಓರೆಗಣ್ಣಿನಿಂದ ನೋಡಿದ. "ಇದು ಕುಟ್ಟಿದ್ದಲ್ಲ, ಮಿಕ್ಸರಿಂದು. ನನಗ ಕಲ್ಲಿನ ಉಪದೇಶ, ನಿನಗ ಮಿಕ್ಸರು. ಹೇಳೂದು ಆಚಾರ, ತಿನ್ನೂದು ಬದನಿಕಾಯಿ!" ಖರೇ ಮಾತು. ಹನ್ನೆರಡು ವರ್ಷದಿಂದ ನನ್ನ ಒಳಕಲ್ಲು ಹಿತ್ತಲಲ್ಲಿ ನೀರು ತುಂಬಿಕೊಂಡು ಬಿದ್ದಿದೆ, ಗುಬ್ಬಿ ಕುಡಿಯುತ್ತವೆ. ಮೂವರೂ ನಕ್ಕೆವು ಎಂದು ಬರೆಯಬೇಕೆಂದಿದ್ದೆ. ಇಲ್ಲ, ಶಾಂತವ್ವ ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಕೋಲ್ವಾಕ್ಕೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಇನ್ನೊಂದು ಬಸ್ಸು ಹಿಡಿದೆವು. ಟಿಕೀಟಿಗೆ ಇಬ್ಬರಿಗೂ ಸೇರಿ ಐವತ್ತು ರೂಪಾಯಿಯೂ ಆಗಲಿಲ್ಲ. ಹೋಟೆಲ್ಲಿನ ಹಿಂದಿನ ಗೇಟಿನಿಂದ ಒಳಗೆ ಬಿಟ್ಟರು. ತೆಂಗಿನ ಮರಗಳ ಕೆಳಗೆ ಇಪ್ಪತ್ತೆರಡು ಕಲ್ಲು ಸಾಲಾಗಿದ್ದವು. ಹೊರಮೈ ಕಪ್ಪು, ಒಳಗೆ ಬೆಳ್ಳಗೆ ಹೊಸ ಮುಳ್ಳು. ನಾನು ಕೈಯಿಟ್ಟು ನೋಡಿದೆ. ಒಂದು ಕಚ್ಚು ಆಳವಿಲ್ಲ, ಒಂದು ಮೇಲಿಲ್ಲ. ತಳದಿಂದ ಬಾಯಿಯವರೆಗೆ ಸುತ್ತು ಸುತ್ತಾಗಿ ಬಂದಿತ್ತು. ಭೇಷ್ ಹನಮ್ಯಾ ಎಂದೆ. ಐವತ್ತರ ಗಂಡಸು, ಬೆನ್ನು ತಟ್ಟಿಸಿಕೊಂಡು ನಾಚಿದ.

ಮ್ಯಾನೇಜರು ಬಂದರು. ಗೋವಾದವರೇ, ಸಣ್ಣ ದನಿಯ ಮನುಷ್ಯ. ಮೊದಲ ಕಲ್ಲಿನ ಹತ್ತಿರ ನಿಂತರು, ಎರಡನೆಯದಕ್ಕೆ ಹೋದರು, ಆಮೇಲೆ ಬೇಗ ಬೇಗ ಕೊನೆಯವರೆಗೂ ನಡೆದರು. ಅಲ್ಲಿ ಒಂದು ಸಣ್ಣ ಕಲ್ಲಿತ್ತು. ಅದರೊಳಗೆ ಅಂಗೈ ಇಟ್ಟು ಥಟ್ಟನೆ ತೆಗೆದರು.

"ಯೇ ಕ್ಯಾ ಕಿಯಾ, ಹನಮಂತ?" ಇದೇನು ಮಾಡಿದೆ ಎಂದರು.

ಹನಮಂತ ಹಿಗ್ಗಿನಿಂದಲೇ ಹೇಳಿದ: "ಅಬ್ ಅಚ್ಛಾ ಪೀಸೇಗಾ, ಸಾಬ್." ಇನ್ನು ಚೆನ್ನಾಗಿ ಅರೆಯುತ್ತದೆ.

"ಪೀಸೇಗಾ ಕೌನ್?" ಎಂದರು ಅವರು. ಅರೆಯುವವರು ಯಾರು?

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಆ ನುಣುಪಿಗಾಗಿಯೇ ಈ ಕಲ್ಲುಗಳನ್ನು ಹುಡುಕಿ ತಂದಿದ್ದು, ಎಷ್ಟೋ ಹೆಂಗಸರ ಕೈಯಲ್ಲಿ ಸವೆದ ಹೊಳಪು ಅದು, ನೀರು ತುಂಬಿ ಹೂವು ತೇಲಿಬಿಟ್ಟರೆ ಒಳಗೆ ಕನ್ನಡಿಯಂತೆ ಕಾಣಬೇಕಿತ್ತು ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಕೊನೆಯ ಸಣ್ಣ ಕಲ್ಲು ಅವರ ಅಜ್ಜಿಯದು. ಅಡುಗೆಮನೆ ಒಡೆಸುವಾಗ ತಾವೇ ಎತ್ತಿ ತಂದಿದ್ದರಂತೆ. ತೊಳೆ ಎಂದಿದ್ದೆನಲ್ಲ, ತೊಳೆ ಎಂದಷ್ಟೇ ಹೇಳಿದ್ದೆನಲ್ಲ, ಇದನ್ನು ಮಾಡಲು ನಿನಗೆ ಯಾರು ಹೇಳಿದರು ಎಂದು ಕೇಳಿದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹನಮಂತ, "ಯಾರೂ ಹೇಳಿಲ್ಲ ಸಾಬ್, ತಪ್ಪು ನನ್ನದೇ," ಎಂದುಬಿಟ್ಟ. ನಾನು ತೆರೆದ ಬಾಯಿ ಮುಚ್ಚಿದೆ. ಮೂವತ್ತೊಂದು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ತಪ್ಪು ಮಾಡಿದವರು ಕೈ ಎತ್ತಿ ಎಂದವಳು ನಾನು. ಥೂ ನನ್ನ ಜನ್ಮಕ್ಕೆ! ನನ್ನ ಕೈ ಚೀಲದ ಹಿಡಿಕೆಯನ್ನೇ ಹಿಡಿದುಕೊಂಡು ನಿಂತಿತ್ತು.

ಅವನ ಕೂಲಿ ಪೂರಾ ಕೊಟ್ಟರು. ತೋಟದ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ, ಹೇಳಿದ್ದನ್ನು ಮಾತ್ರ ಮಾಡುವವರು ಬೇಕು ಎಂದರು. ನಾವು ಗೇಟು ದಾಟುವಷ್ಟರಲ್ಲಿ ನಾಲ್ಕು ಜನ ಕಲ್ಲುಗಳನ್ನು ಹಿತ್ತಲಿಗೆ ಉರುಳಿಸಿ, ಕೆಲಸದವರು ಊಟಕ್ಕೆ ಕೂರಲು ಬೋರಲು ಹಾಕುತ್ತಿದ್ದರು. ಅಜ್ಜಿಯ ಕಲ್ಲನ್ನು ಮಾತ್ರ ಮ್ಯಾನೇಜರು ಮುಟ್ಟಗೊಡಲಿಲ್ಲ.

ಮನೆಗೆ ಬಂದವನೇ ಹನಮಂತ ಕೊರ್ಲಿಮ್‌ನ ಶೆಡ್ಡಿಗೆ ಫೋನು ಮಾಡಿದ. ಭಾನುವಾರದಿಂದಲೇ ಬಾ ಎಂದರಂತೆ. ಅವನು ನೀರಿಗೆಂದು ನಳದ ಕಡೆ ಹೋದಾಗ ಶಾಂತವ್ವ ಒಲೆಯ ಮುಂದೆ ಕುಳಿತು, ನನ್ನ ಕಡೆ ನೋಡದೆ ಹೇಳಿದಳು:

"ಬರೇ ತೊಳದು ಕೊಡ್ರಿ ಅಂತ ನಾ ಬಡಕೊಂಡೆ, ಅಕ್ಕಾರ. ಡಾಕ್ಟರು ಹೇಳಿದ್ದು ನೆನಪಿಲ್ಲೇನು ಅಂದೆ. ನಮ್ಮಕ್ಕ ಹೇಳ್ಯಾಳ, ಆಕಿ ಕಲಿತಾಕಿ ಅಂದ್ರು. ಹದಿನೈದು ದಿನ ಆ ಧೂಳಾಗ ಕುಂತ್ರು. ನಾ ಸಾಲಿ ಕಲಿಯದ ಅಡಾಣಿ, ನನ್ನ ಮಾತು ಯಾರು ಕೇಳಬೇಕ್ರಿ?"

ಕ್ಷಮಿಸವ್ವಾ ಎಂದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಆ ದಿನ ನನ್ನ ತಟ್ಟೆಗೂ ಬಿಸಿ ರೊಟ್ಟಿ ಬಿತ್ತು.

ಶನಿವಾರ ಯಾರಿಗೂ ಹೇಳದೆ ಒಬ್ಬಳೇ ಅದೇ ಬಸ್ಸು ಹಿಡಿದು ಹೋಟೆಲ್ಲಿಗೆ ಹೋದೆ. ವಾಚಮನ್ ಒಳಗೆ ಬಿಡಲಿಲ್ಲ. ಒಂದೂವರೆ ತಾಸು ಬಿಸಿಲಲ್ಲಿ ನಿಂತ ಮೇಲೆ ಮ್ಯಾನೇಜರು ಗೇಟಿಗೆ ಬಂದರು. ಹೇಳಿದವಳು ನಾನು, ಅವನದೇನೂ ತಪ್ಪಿಲ್ಲ, ಅವನ ಎದೆ ಕೆಟ್ಟಿದೆ, ಈ ಕೆಲಸ ಸಿಗದಿದ್ದರೆ ಮತ್ತೆ ಧೂಳಿಗೆ ಹೋಗುತ್ತಾನೆ ಎಂದು ನನ್ನ ಶಾಲೆಯ ಹಿಂದಿಯಲ್ಲಿ ಹೇಳಿದೆ. ಕೈ ಮುಗಿದೆ. ಅವರು ಎಲ್ಲ ಕೇಳಿದರು. "ಕಲ್ ಬೋಲ್ನಾ ಥಾ, ಬಾಯಿ," ಎಂದರು. ನಿನ್ನೆ ಹೇಳಬೇಕಿತ್ತು. ನಿನ್ನೆ ಸಂಜೆಯೇ ಒಬ್ಬನನ್ನು ಇಟ್ಟುಕೊಂಡಾಗಿತ್ತು. ಅವನೂ ಹೆಂಡತಿ ಮಕ್ಕಳು ಇರುವವನು, ಹೇಗೆ ತೆಗೆಯಲಿ ಎಂದು ನನ್ನನ್ನೇ ಕೇಳಿದರು. ಅವರ ಹಿಂದೆ, ಹುಲ್ಲುಹಾಸಿನ ಆಚೆ, ಸಮುದ್ರ ಕಾಣುತ್ತಿತ್ತು. ನಾನು ನೋಡಿದ ಗೋವಾದ ಸಮುದ್ರ ಅಷ್ಟೇ.

ಭಾನುವಾರ ಬೆಳಿಗ್ಗೆ ಹನಮಂತ ನನ್ನ ಜೊತೆ ಸ್ಟೇಷನ್ನಿಗೆ ಬಂದ. ಹೆಗಲಿಗೆ ಅವನದೂ ಒಂದು ಚೀಲ. ನನ್ನನ್ನು ರೈಲು ಹತ್ತಿಸಿ ಹಾಗೇ ಕೊರ್ಲಿಮ್ ಬಸ್ಸಿಗೆ ಹೋಗುವವನು. ಬಿಸಿಲು ಏರುವ ಮೊದಲೇ ಪ್ಲಾಟ್‌ಫಾರ್ಮು ತುಂಬಿತ್ತು. ಇಬ್ಬರೂ ಚಹಾ ಕುಡಿದೆವು.

"ಹನಮ್ಯಾ, ಬ್ಯಾಡೋ, ಆ ಶೆಡ್ಡು ಬ್ಯಾಡ. ಗದಗಕ್ಕ ಬಾ. ನನ್ನ ಪೆನ್ಶನ್ ಐತಿ, ಇದ್ದದ್ದು ಹಂಚಿಕೊಂಡು ತಿನ್ನೂಣು," ಎಂದೆ.

"ಅಕ್ಕನ ಪೆನ್ಶನ್ ತಿನ್ನಾಕ ಬಂದೇನಿ ಅಂತ ಓಣ್ಯಾಗ ಕುಂಡ್ರಲೇನು? ಒಳ್ಳಾಗ ತಲಿ ಇಟ್ಟ ಮ್ಯಾಲ ಒನಕಿ ಪೆಟ್ಟಿಗೆ ಅಂಜಿದ್ರ ಹೆಂಗ? ಇರಲಿ ಬಿಡು."

"ಹಂಗಾದ್ರ ಬೈಯೋ ನನಗ. ಒಮ್ಮೆ ಬಾಯಿ ತುಂಬ ಬೈದುಬಿಡು."

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಯಾಕ ಬೈಲಿ? ನೀ ಹೇಳಿದ್ದು ಬರೋಬರಿ ಐತಿ. ಸವದ ಕಲ್ಲಿಗೆ ಮುಳ್ಳು ಹೊಡೀಬೇಕು. ಇಪ್ಪತ್ತೆರಡೂ ಹೆಂಗ ಬಂದಿದ್ವು, ನೋಡಿದಿಲ್ಲ ನೀ?"

ನೋಡಿದೆ ಎಂದೆ. ಚಲೋ ಬಂದಿದ್ವು ಎಂದೆ.

ರೈಲು ಬಂತು. ಚೀಲ ಒಳಗಿಟ್ಟು, ಕಿಟಕಿಯ ಹತ್ತಿರ ಜಾಗ ಹಿಡಿದುಕೊಟ್ಟು ಇಳಿದ. ಬಸ್ಸು ತಪ್ಪುತ್ತದೆ, ನಿಲ್ಲಬೇಡ, ಹೋಗು ಎಂದು ನಾನೇ ಕಳಿಸಿದೆ. ಹಳಿ ದಾಟುವ ಬ್ರಿಜ್ಜಿನ ಮೆಟ್ಟಿಲು ನನ್ನ ಕಿಟಕಿಗೆ ಎದುರಿಗೇ ಇತ್ತು. ಏಳೆಂಟು ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನಿಂತ. ಬಾಯಿ ತೆರೆದುಕೊಂಡಿತ್ತು, ಭುಜ ಮೇಲೆ ಕೆಳಗೆ ಆಗುತ್ತಿತ್ತು. ಜನ ಅವನನ್ನು ಬಳಸಿಕೊಂಡು ಹತ್ತಿ ಹೋದರು. ಒಬ್ಬ ಮುದುಕಿಯೂ ಬುಟ್ಟಿ ಹೊತ್ತು ಅವನನ್ನು ದಾಟಿದಳು. ಇನ್ನೆರಡು ಮೆಟ್ಟಿಲು ಹತ್ತಿ ಮತ್ತೆ ನಿಂತ. ಸೀಟಿ ಆಯಿತು, ರೈಲು ಮೆಲ್ಲಗೆ ಸರಿಯಿತು, ನಾನು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಹಿಂದಕ್ಕೆ ನೋಡಿದೆ. ಅವನು ಇನ್ನೂ ಮೇಲೆ ಮುಟ್ಟಿರಲಿಲ್ಲ.