ಹೆಬ್ಬಂಡೆಯ ಮೇಲೆ ನನ್ನ ಹೆಜ್ಜೆ

ಎಂಬತ್ತರ ದಶಕದಲ್ಲಿ ನಾನು ಅಮೆರಿಕದ ಬರ್ಕ್ಲಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದೆ. ನನ್ನ ದೋಸೆಗೆ ಸ್ಯಾನ್ ಮಟಿಯೋದಿಂದ ಸೇತುವೆ ದಾಟಿ ಜನ ಬರೋರು. ದಿನಾ ಬರುವವರಲ್ಲಿ ಐರ್ಲೆಂಡಿನ ಮೇಷ್ಟ್ರೊಬ್ಬರಿದ್ದರು. ಗುಡ್ಡ, ಬಂಡೆ, ಹಳ್ಳಗಳ ಬಗ್ಗೆ ಜನ ನೆನಪಿಟ್ಟುಕೊಂಡ ಕಥೆಗಳನ್ನು ಹುಡುಕಿ ಪುಸ್ತಕ ಬರೆಯೋದು ಅವರ ಕೆಲಸ. ನಾನು ಬಿಡ್ತೀನಾ? ನಮ್ಮೂರ ಹೆಬ್ಬಂಡೆಯ ಮೇಲೆ ನಾನು ಹುಲಿಯನ್ನು ಒದ್ದಿದ್ದು, ಒದ್ದ ರಭಸಕ್ಕೆ ಇನ್ನೊಂದು ಕಾಲಿನ ಹೆಜ್ಜೆ ಕಲ್ಲಿನಲ್ಲೇ ಮೂಡಿದ್ದು, ಎಲ್ಲ ಹೇಳಿದೆ. ಮಾಲೀಕ ನಾಗರಾಜ ಇಂಗ್ಲಿಷಿನಲ್ಲಿ ತಿಳಿಸಿದ.

ಮೇಷ್ಟ್ರು ಏನೋ ಅಂದರು. ನಾಗರಾಜ ನಗು ತಡೆದುಕೊಂಡ.

"ತಾತ, ಮುಂದಿನ ತಿಂಗಳು ಇಂಡಿಯಾಗೆ ಹೋಗ್ತಾರಂತೆ. ಆ ಹೆಜ್ಜೆ ನೋಡ್ಕೊಂಡು ಬರ್ತಾರಂತೆ."

ನನ್ನ ಕೈಯಿಂದ ಸೌಟು ಜಾರಿತು. "ಅಲ್ಲಿ ಬರೀ ಹಾವು ಅಂತ ಹೇಳಪ್ಪ!"

"ಹಂಗಾದ್ರೆ ಹೋಗಲೇಬೇಕಂತೆ ತಾತ. ಅವರ ದೇಶದಲ್ಲಿ ಹಾವೇ ಇಲ್ವಂತೆ."

ಅವರು ವಾಪಸ್ಸು ಬರುವ ತನಕ ನನಗೆ ಅನ್ನ ಸೇರಲಿಲ್ಲ, ಕಾವಲಿಯ ಮೇಲೆ ದೋಸೆಗಳು ಸೀದವು. ಹೋಟೆಲಿನಲ್ಲಿ ನನ್ನ ಮಾತಿಗೆ ಎಲ್ಲರೂ ಕಿವಿ ಕೊಡೋರು. ಮೇಷ್ಟ್ರು ಬಂದು ನಕ್ಕುಬಿಟ್ಟರೆ ಮಾರನೇ ದಿನದಿಂದ ನಾನು ಬರೀ ಅಡುಗೆಯವನು.

ಬಂದವರು ನನ್ನ ಮುಂದೆ ಒಂದು ಫೋಟೋ ಇಟ್ಟರು. ಬಂಡೆಯ ಮೇಲೆ ಎರಡು ಮೊಳ ಉದ್ದದ ಗುಳಿ, ಅದಕ್ಕೆ ಅರಿಶಿನ, ಕುಂಕುಮ, ಸೇವಂತಿಗೆ ಹೂವು. ಅಷ್ಟು ದೂರದಿಂದ ಕೇಳಿಕೊಂಡು ಬಂದವರನ್ನು ನಮ್ಮೂರಿನವರು ನಿರಾಸೆ ಮಾಡಿ ಕಳಿಸೋದುಂಟೇ? ಹುಲಿ ಒಂದಲ್ಲ, ಎರಡು ಅಂದರಂತೆ.

ಮೇಷ್ಟ್ರು ಬಗ್ಗಿ ನನ್ನ ಪಾದ ನೋಡಿದರು.

"ಆಗ ವಯಸ್ಸಿತ್ತು ಅಂತ ಹೇಳಪ್ಪ ನಾಗರಾಜ," ಅಂದೆ.

ಈಗ ಊರಿಗೆ ಹೋದರೆ, ನನ್ನ ಹೆಜ್ಜೆ ನೋಡೋಕೆ ನಾನೇ ಚಪ್ಪಲಿ ಬಿಟ್ಟು ಹತ್ತಬೇಕಂತೆ.