ನಿಕಲ್ ಹಾಕಿಸಿದ ಕತ್ತಿ

ಆಗ ದಸರಾ ರಜೆ ಎಂದರೆ ನನಗೆ ಹರಿಹರದ ಅಜ್ಜಿ ಮನೆ, ಅಮ್ಮನ ತವರು. ಚೆಂಡು ಹೂವಿನ ಘಾಟು, ಹೂರಣ ರುಬ್ಬುವಾಗಿನ ಏಲಕ್ಕಿ ವಾಸನೆ, ಮಧ್ಯಾಹ್ನವೆಲ್ಲ ಅಂಗಳದಲ್ಲಿ ಕುಂಟೆಬಿಲ್ಲೆ. ನಿಮಗೂ ಇಂಥದೊಂದು ಮನೆ ಇದ್ದೀತು. ಆದರೆ ಆ ಮನೆ ನೆನೆದರೆ ನನಗೆ ಮೊದಲು ಬರುವುದು ಸಿಟ್ಟು. ದೇವರು ಕ್ಷಮಿಸಲಿ.

ಆ ವರ್ಷ ನನ್ನನ್ನು ದಾವಣಗೆರೆಯಿಂದ ಕರೆದೊಯ್ದವರು ದೊಡ್ಡಪ್ಪ, ಅಪ್ಪನ ಅಣ್ಣ. ಸೈನ್ಯದಲ್ಲಿ ಮೇಜರ್ ಆಗಿ ನಿವೃತ್ತರಾಗಿ ನಮ್ಮೂರಲ್ಲೇ ಪಿ.ಜೆ. ಬಡಾವಣೆಯಲ್ಲಿ ಮನೆ ಮಾಡಿದ್ದರು. ಹಳೆಯ ಕತ್ತಿ, ಕಠಾರಿ ಹುಡುಕುತ್ತ ಊರೂರು ಅಲೆದು ಅವುಗಳ ಚರಿತ್ರೆ ಬರೆಯುತ್ತಿದ್ದರು. "ಕತ್ತಿ ಹಿಡಿದೋರ ಹೆಸರು ಬೇಕಾದಷ್ಟು ಸಿಗ್ತಾವೆ. ಮಾಡಿದೋನ ಹೆಸರು ಎಲ್ಲೂ ಇಲ್ಲ," ಎನ್ನುತ್ತಿದ್ದರು.

ಅಜ್ಜಿಯ ದೇವರ ಕೋಣೆಯಲ್ಲಿ ವೀರಭದ್ರನ ಕತ್ತಿಯೊಂದಿತ್ತು. ತಲೆಮಾರುಗಳ ವಿಭೂತಿ, ಕುಂಕುಮ, ಎಣ್ಣೆ ಮೆತ್ತಿ ಕಪ್ಪಾಗಿತ್ತು. ದೊಡ್ಡಪ್ಪ ಸ್ನಾನ ಮಾಡಿ, ಅಜ್ಜಿಯ ಒಪ್ಪಿಗೆ ಪಡೆದು, ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಹಿಡಿಯ ಹತ್ತಿರ ಒರೆಸುತ್ತ ಕೂತರು. ಸಂಜೆಗೆ ಎರಡು ಅಕ್ಷರ ಕಂಡವು: 'ಬಸ'. ಮುಂದಿನದು ಇನ್ನೂ ಕೊಳೆಯ ಕೆಳಗಿತ್ತು. ನನ್ನ ಬೆರಳು ಹಿಡಿದು ಆ ಗೀರಿನ ಮೇಲೆ ಆಡಿಸಿ, ಮಾಡಿದವನೇ ತನ್ನ ಹೆಸರು ಕೊರೆದಿದ್ದಾನೆ, ಇದನ್ನೇ ಇಷ್ಟು ವರ್ಷ ಹುಡುಕಿದ್ದು ಎಂದರು.

ಉಳಿದ ಕೊಳೆ ಎಣ್ಣೆಯಲ್ಲೇ ನೆನೆದು ಬಿಡಬೇಕಿತ್ತು. ಹಬ್ಬಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಹುಣಸೆಹಣ್ಣು, ಬೂದಿ ಮುಟ್ಟಿಸಬೇಡಿ ಎಂದು ನನ್ನ ಸೋದರಮಾವನಿಗೆ ಮತ್ತೆ ಮತ್ತೆ ಹೇಳಿ ಹೋದರು. ಮಾವ ಹೂಂ ಎಂದ.

ಆಯುಧ ಪೂಜೆಯ ಬೆಳಿಗ್ಗೆ ದೊಡ್ಡಪ್ಪ ಬಂದಾಗ ಮಾವ ಕೆಂಪು ವಸ್ತ್ರ ಸರಿಸಿದ. ಕತ್ತಿ ಹೊಸ ಬೈಕಿನ ಹ್ಯಾಂಡಲ್ಲಿನಂತೆ ಫಳಫಳ ಹೊಳೆಯುತ್ತಿತ್ತು.

"ಹುಣಸೆಹಣ್ಣು ಮುಟ್ಟಿಸಿಲ್ರಿ ಸಾಹೇಬ್ರೆ. ನಿಟ್ಟುವಳ್ಳಿಯಾಗೆ ಬೈಕ್ ಸಾಮಾನಿಗೆ ನಿಕಲ್ ಹಾಕ್ತಾನಲ್ಲ, ಅವನ ಹತ್ರ ಕೊಟ್ಟಿದ್ದೆ. ಮಿಷನ್ನಿಗೆ ಹಿಡಿದು ಉಜ್ಜಿ ಹಾಕ್ಯಾನೆ."

"ಅಕ್ಷರ?"

"ಒಂದು ಗೀರೂ ಉಳಿದಿಲ್ರಿ. ಕೈಯಾಡಿಸಿ ನೋಡ್ರಿ, ಬೆಣ್ಣಿ ಇದ್ದಂಗೈತೆ."

ದೊಡ್ಡಪ್ಪ ಕೈಯಾಡಿಸಲಿಲ್ಲ. ದೇವರು ಇಷ್ಟು ಬೆಳಗುವಾಗ ಮುಖ ಯಾಕೆ ಸಣ್ಣದು ಮಾಡುತ್ತೀರಿ ಎಂದು ಅಜ್ಜಿಯೂ ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ಬ್ಯಾಡ ಅಂದಿದ್ರಲ್ಲ ಮಾವ?"

"ದೊಡ್ಡೋರ ಮಾತು ನಿಂಗ್ಯಾಕ? ಹೋಳಿಗೆ ತಿನ್ನೋಗು."

ಎಲ್ಲರೂ ನಕ್ಕರು. ದೊಡ್ಡಪ್ಪ ಪೂಜೆಗೆ ನಿಂತರು, ಎಲೆಯ ಮುಂದೆ ಕೂತು ಊಟವನ್ನೂ ಮಾಡಿದರು. ಸಿಪಾಯಿಗಳನ್ನು ಒಂದೇ ಮಾತಿಗೆ ನಿಲ್ಲಿಸುತ್ತಿದ್ದ ಮನುಷ್ಯ ಅವತ್ತು ಒಂದು ಸಲ ಗದರಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ, ಬಸಪ್ಪ, ಬಸಯ್ಯ, ಬಸವಂತ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಈಗ ದೊಡ್ಡಪ್ಪ ಇಲ್ಲ. ಅವರ ಪುಸ್ತಕದಲ್ಲಿ ಆ ಕತ್ತಿಯೂ ಇಲ್ಲ. ತೋರಿಸಲಾಗದ್ದನ್ನು ಅವರು ಬರೆಯುತ್ತಿರಲಿಲ್ಲ. ಹರಿಹರದ ಮನೆಯ ಮಕ್ಕಳು ಹಬ್ಬದ ದಿನ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಾರೆ. ಹಳೆಯ ಕಲ್ಲು ದೇವರಿಗೆ ಆಯಿಲ್ ಪೇಂಟ್ ಬಳಿದು ಭಕ್ತಿ ಎನ್ನುವವರನ್ನು ಈಗಲೂ ನೋಡುತ್ತೇನೆ. ನಾನೂ ದಿನಾ ಪೂಜೆ ಮಾಡುವವಳೇ. ಆದರೆ ಹೀಗೆ ಮೆರುಗು ಹಾಕುವುದು ಭಕ್ತಿಯಲ್ಲ, ದೌಲತ್ತು.

ಎರಡು ಅಕ್ಷರವಾದರೂ ನನ್ನ ಬೆರಳಿಗೆ ಸಿಕ್ಕವು, ಅಷ್ಟಾದರೂ ದೇವರು ಕರುಣಿಸಿದ. ಆದರೆ ಬಸ ಎಂದು ಹೆಸರು ಶುರುವಾಗುವವರು ನಮ್ಮ ಕಡೆ ಮನೆಗೊಬ್ಬರು. ಪ್ರತಿ ದಸರಾ ದೀಪ ಹಚ್ಚಿ ವೀರಭದ್ರನನ್ನೇ ಜೋರು ಮಾಡಿ ಕೇಳುತ್ತೇನೆ: ನಿನ್ನ ಕೈಗೆ ಕತ್ತಿ ಮಾಡಿಕೊಟ್ಟವನ ಹೆಸರು ನಿನಗಾದರೂ ನೆನಪಿದೆಯೇನಪ್ಪ?