ಆಷಾಢದಲ್ಲಿ ಇಷ್ಟು ಚಿತ್ರಾನ್ನ ಯಾರಿಗೆ?

ಹೋದ ವರ್ಷ ಬಿ.ಎ. ಪರೀಕ್ಷೆಯ ಕೊನೆಯ ಪತ್ರಿಕೆ ನನ್ನ ಕೈತಪ್ಪಿದ್ದು ವಾಟ್ಸಾಪ್ ನಂಬಿ. ಕೊಬ್ಬರಿ ಬೆಲೆಗಾಗಿ ನಾಳೆ ಹಾಸನ ರಸ್ತೆ ಬಂದ್ ಎಂದು ಊರಿನ ಗ್ರೂಪುಗಳಲ್ಲೆಲ್ಲ ಕೂಗಾಟ. ಎತ್ತಿದ ಮುಷ್ಟಿಗಳು, ಕೆಂಪಕ್ಷರಗಳು. ನಾನು ಅರಸೀಕೆರೆಯಿಂದ ಹೊರಡಲೇ ಇಲ್ಲ. ಮರುದಿನ ಬಸ್ಸುಗಳು ಎಂದಿನಂತೆ ಓಡಾಡಿದವು. ಮದುವೆಯಾದಾಗ ಬಿಟ್ಟು, ಹದಿನೆಂಟು ವರ್ಷದ ಮೇಲೆ ಮತ್ತೆ ಹಿಡಿದ ಓದು ಒಂದೇ ಪತ್ರಿಕೆಗೆ ನಿಂತುಹೋಯಿತು.

ಈ ಸಲ ಅದೇ ಪತ್ರಿಕೆ, ಹಾಸನದಲ್ಲಿ, ಹತ್ತು ಗಂಟೆಗೆ. ಕೊಬ್ಬರಿ ಬೆಲೆಗಾಗಿ ಅದೇ ದಿನ ಮತ್ತೆ ಬಂದ್ ಎಂಬ ಸುದ್ದಿಯೂ ಇತ್ತು. ಆದರೆ ಗ್ರೂಪುಗಳಲ್ಲಿ ಗದ್ದಲವಿಲ್ಲ.

"ಈ ಸಲ ಯಾರೂ ಉಸಿರೇ ಬಿಡ್ತಿಲ್ಲ ಕಣೇ. ಎಂಟರ ಬಸ್ಸಿಗೆ ಹೋದ್ರೆ ಸಾಕು," ಎಂದರು ಯಜಮಾನರು.

ನಾನು ಗ್ರೂಪು ಬಿಟ್ಟು ಹೆಂಗಸರ ಸ್ಟೇಟಸ್ ನೋಡುತ್ತಾ ಕೂತೆ. ನಮಗೆ ತೆಂಗಿನಕಾಯಿ ಕೊಡುವ ತೋಟದ ಅಕ್ಕ ಅಕ್ಕಿ ಮೂಟೆಯ ಪಕ್ಕ ಒಂದು ಮಂಕರಿ ನಿಂಬೆಹಣ್ಣಿನ ಫೋಟೊ ಹಾಕಿದ್ದರು. ಅವರ ಓರಗಿತ್ತಿಯ ಸ್ಟೇಟಸ್ಸಿನಲ್ಲಿ ಇಸ್ತ್ರಿ ಮಾಡಿದ ಹಸಿರು ಶಾಲುಗಳು, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದವು. ಶಾಮಿಯಾನದ ಅಂಗಡಿಯವರ ಹೆಂಡತಿ ಲಾರಿ ತುಂಬಿದ ಕಂಬಗಳ ಫೋಟೊ ಹಾಕಿದ್ದಳು.

"ರೀ, ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ. ಇಷ್ಟು ಚಿತ್ರಾನ್ನ ಯಾರಿಗೆ?"

"ಅಬ್ಬಾ! ಪೊಲೀಸ್ನೋರು ನಿನ್ನನ್ನೇ ಕೆಲಸಕ್ಕೆ ಇಟ್ಕೋಬೇಕಿತ್ತು."

ನಾನು ತೋಟದ ಅಕ್ಕನಿಗೇ ಫೋನ್ ಮಾಡಿ, ನಾಳೆ ಪರೀಕ್ಷೆ ಇದೆ, ರಸ್ತೆ ಹೇಗೆ ಎಂದು ಕೇಳಿದೆ.

"ರಸ್ತೆ ವಿಷ್ಯ ಗಂಡಸ್ರನ್ನ ಕೇಳು ಕಣವ್ವ. ಏಳು ಗಂಟ್ಗೆ ತಿಂಡಿ ತಲುಪಿಸ್ಬೇಕು, ನಂಗೊತ್ತಿರೋದು ಅಷ್ಟೇಯ."

ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಆರರ ಬಸ್ಸು ಹತ್ತಿದೆ. "ಅಷ್ಟು ಬೇಗ ಹೋಗಿ ಏನು ಗೇಟ್ ಕಾಯ್ತೀಯಾ?" ಎಂದರು, ಬಿಡಲು ಬಂದ ಯಜಮಾನರು.

"ಕಾಯ್ತೀನಿ ರೀ."

ಊರಾಚೆ ರಸ್ತೆ ಬದಿಯಲ್ಲಿ ಶಾಮಿಯಾನದ ಕಂಬಗಳು ಜಡಿಮಳೆಯಲ್ಲಿ ನೆನೆಯುತ್ತಾ ಬಿದ್ದಿದ್ದವು. ನಾಲ್ಕು ಜನ ಸುತ್ತಿದ ಜಮಖಾನ ಇಳಿಸುತ್ತಿದ್ದರು. ನಮ್ಮ ಬಸ್ಸು ದಾಟಿತು.

ಪರೀಕ್ಷಾ ಕೇಂದ್ರದ ಗೇಟು ಇನ್ನೂ ತೆಗೆದಿರಲಿಲ್ಲ. ಕಾನ್ವೆಂಟಿನಲ್ಲಿ ಓದುವಾಗಿನ ಅಭ್ಯಾಸದಂತೆ ಕರ್ಚೀಫು ಹಾಸಿ ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಎಂಟೂವರೆಗೆ ಯಜಮಾನರ ಫೋನು.

"ಎಂಟರ ಬಸ್ಸು ಊರೇ ದಾಟಿಲ್ಲ ಕಣೇ. ಎಲ್ಲಾರೂ ರಸ್ತೇಲಿ ಕೂತ್ಬಿಟ್ಟವ್ರೆ. ನೀನು ಚೆನ್ನಾಗಿ ಬರಿ," ಎಂದರು.

ಅಕ್ಕನ ಸ್ಟೇಟಸ್ ತೆರೆದೆ. ನಡುರಸ್ತೆಯಲ್ಲಿ ಹಸಿರು ಶಾಲುಗಳ ಸಾಲು, ಮುತ್ತುಗದ ಎಲೆಗಳ ಮೇಲೆ ಹಳದಿ ಚಿತ್ರಾನ್ನ. ಅವರ ಬೆಲೆ ಅವರಿಗೆ ಸಿಗಲಿ ಎಂದುಕೊಂಡೆ. ಫೋನು ಆಫ್ ಮಾಡಿ ಹಾಲ್ ಟಿಕೆಟ್ ಕೈಗೆ ತೆಗೆದುಕೊಂಡೆ.